ಸಂಬಳದ ಕೆಲಸದ ಜೊತೆ ಸಂಜೆಯ ಕೆಲಸ: ‘ಫರ್ಮ್’ ಮಾಡಿಸಲೇಬೇಕೆ?

ಪ್ರಶ್ನೆ: ನನಗೆ 34 ವರ್ಷ, ಊರು ತುಮಕೂರು. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ, ವರ್ಷಕ್ಕೆ 9.6 ಲಕ್ಷ ರೂಪಾಯಿ ಸಂಬಳ. ಸುಮಾರು ಒಂದು ವರ್ಷದಿಂದ ರಾತ್ರಿ ಮತ್ತು ಭಾನುವಾರ ಎರಡು ಹೊರಗಿನ ಕೆಲಸ ಮಾಡುತ್ತಿದ್ದೇನೆ. ಒಂದು, ಬೆಂಗಳೂರಿನ ಇನ್ನೊಂದು ಕಂಪನಿಯ ವೆಬ್‌ಸೈಟ್ ಅಭಿವೃದ್ಧಿ ಮತ್ತು ನಿರ್ವಹಣೆ. ಅವರು ತಿಂಗಳಿಗೆ 20,000 ಕೊಡುತ್ತಾರೆ, ಅದರಲ್ಲಿ 10% ಟಿಡಿಎಸ್ ಹಿಡಿಯುತ್ತಾರೆ. ಎರಡು, ಮುಂಬೈನ ಏಜೆನ್ಸಿಯೊಂದಕ್ಕೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ, ತಿಂಗಳಿಗೆ ಸುಮಾರು 10,000. ಈಗ ಏಜೆನ್ಸಿಯವರು ‘ಫರ್ಮ್ ಹೆಸರಲ್ಲಿ ಬಿಲ್ ಕೊಡಿ, ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಮುಂದಿನ ತಿಂಗಳಿಂದ ಪೇಮೆಂಟ್ ಆಗುವುದಿಲ್ಲ’ ಎನ್ನುತ್ತಿದ್ದಾರೆ. ಊರಿನ ಕನ್ಸಲ್ಟೆಂಟ್ ಒಬ್ಬರು ಪ್ರೊಪ್ರೈಟರ್‌ಶಿಪ್, ಎಂಎಸ್‌ಎಂಇ, ಜಿಎಸ್‌ಟಿ, ಅಂಗಡಿ ಲೈಸೆನ್ಸ್ ಎಲ್ಲ ಸೇರಿ 15,000 ಕೇಳಿದ್ದಾರೆ. ‘ಹೆಂಡತಿ ಹೆಸರಲ್ಲಿ ಮಾಡಿಬಿಡು, ಕಂಪನಿಗೆ ಗೊತ್ತಾಗಲ್ಲ’ ಅನ್ನುವುದು ಅಪ್ಪನ ಸಲಹೆ. ಇದುವರೆಗೆ ಪ್ರತಿ ವರ್ಷ ಐಟಿಆರ್-1 ಹಾಕುತ್ತಿದ್ದೆ. ಈಗ ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವು, ಆತಂಕ ಎರಡೇ. ಕಾಗದಪತ್ರ ಇಲ್ಲದೆ ಒಂದು ವರ್ಷ ದುಡಿದದ್ದು ತಪ್ಪಾಯಿತೇ ಎಂಬುದು ಒಂದು. ಕಾಗದಪತ್ರ ಮಾಡಿಸಲು ಹೋಗಿ ಇರುವ ಕೆಲಸಕ್ಕೆ ಕುತ್ತು ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೆದರಬೇಕಿಲ್ಲ. ಎರಡನೆಯದನ್ನು ಮಾತ್ರ ಈ ವಾರವೇ ಕೂತು ನೋಡಬೇಕು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರೇ ಹೆಚ್ಚು. ನಿಮ್ಮ ಮನೆಯಲ್ಲಿ ಕೂಸು ಆಗಲೇ ಹುಟ್ಟಿ ವರ್ಷವಾಗಿದೆ. ನಮ್ಮಲ್ಲಿ ‘ಪ್ರೊಪ್ರೈಟರ್‌ಶಿಪ್ ನೋಂದಣಿ’ ಎಂಬ ಕಾನೂನೇ ಇಲ್ಲ. ಕಂಪನಿಗೆ ಕಂಪನಿ ಕಾಯ್ದೆ ಇದೆ, ಪಾಲುದಾರಿಕೆಗೆ 1932ರ ಕಾಯ್ದೆ ಇದೆ. ಒಬ್ಬರೇ ಮಾಲೀಕರಾದ ವ್ಯವಹಾರಕ್ಕೆ ಅಂಥ ಕಾಯ್ದೆಯೂ ಇಲ್ಲ, ಹುಟ್ಟಿನ ಪ್ರಮಾಣಪತ್ರವೂ ಇಲ್ಲ. ನೀವು ಮೊದಲ ಬಿಲ್ ಕಳಿಸಿದ ದಿನವೇ ಪ್ರೊಪ್ರೈಟರ್ ಆದಿರಿ. ಸಂಸ್ಥೆಗೆ ಬೇರೆ ಪ್ಯಾನ್ ಇರುವುದಿಲ್ಲ, ನಿಮ್ಮ ಪ್ಯಾನೇ ಅದರ ಪ್ಯಾನ್. ಅದರ ಸಾಲ ನಿಮ್ಮ ಸಾಲ, ಅದರ ಮೇಲೆ ಕೇಸು ಬಿದ್ದರೆ ಬಿದ್ದದ್ದು ನಿಮ್ಮ ಮೇಲೆ.

ಕನ್ಸಲ್ಟೆಂಟ್ ಹೇಳಿದ ನಾಲ್ಕೂ ಬೇರೆ ಬೇರೆ ಇಲಾಖೆಯ ಬೇರೆ ಬೇರೆ ಕಾಗದ. ಒಂದೊಂದಕ್ಕೂ ಒಂದೊಂದು ಉದ್ದೇಶ. ನಿಮಗೆ ಆ ಉದ್ದೇಶ ಇದೆಯೇ ಎಂದು ನೋಡಿ ಮಾಡಿಸಿಕೊಳ್ಳಬೇಕು, ಪ್ಯಾಕೇಜಿನಲ್ಲಿದೆ ಎಂದು ಅಲ್ಲ. ಅವರು ಎಂಎಸ್‌ಎಂಇ ಎಂದದ್ದು ಸಣ್ಣ ಉದ್ದಿಮೆಗಳಿಗಿರುವ ‘ಉದ್ಯಮ್’ ನೋಂದಣಿ; ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ, ಜಿಎಸ್‌ಟಿ ನೋಂದಣಿಗೂ ಇಲ್ಲ. 15,000 ಹೋಗುವುದು ಬಹುಪಾಲು ಫಾರ್ಮ್ ತುಂಬುವ ಕೂಲಿಗೆ.

ಮೊದಲು ತೆಗೆಯಬೇಕಾದದ್ದು ನೇಮಕಾತಿ ಪತ್ರ

ಜಿಎಸ್‌ಟಿ ಪೋರ್ಟಲ್ ತೆರೆಯುವ ಮುನ್ನ ಕಂಪನಿ ಕೊಟ್ಟ ನೇಮಕಾತಿ ಪತ್ರ ಮತ್ತು ಎಚ್‌ಆರ್ ನಿಯಮಾವಳಿ ತೆಗೆದು ಓದಿ. ಮೂರು ವಿಷಯ ಹುಡುಕಿ. ಹೊರಗಿನ ಕೆಲಸಕ್ಕೆ ಪೂರ್ಣ ನಿಷೇಧವೇ, ಪೂರ್ವಾನುಮತಿ ಸಾಕೇ ಎಂಬುದು ಮೊದಲನೆಯದು. ಎರಡನೆಯದು, ನೌಕರಿಯ ಅವಧಿಯಲ್ಲಿ ನೀವು ರಚಿಸಿದ ಎಲ್ಲವೂ ಕಂಪನಿಯ ಸ್ವತ್ತು ಎಂಬ ಸಾಲು. ಮೂರನೆಯದು, ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬ ಪದಗಳು.

ನೌಕರಿ ಬಿಟ್ಟ ಮೇಲೂ ಇಂಥ ಕೆಲಸ ಮಾಡಬಾರದು ಎನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ವಿಭಾಗದಂತೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇದನ್ನು ಅರ್ಧ ಕೇಳಿಸಿಕೊಂಡು ‘ಮೂನ್‌ಲೈಟಿಂಗ್ (ನೌಕರಿಯ ಜೊತೆ ಹೊರಗಿನ ಕೆಲಸ) ನಿಷೇಧವೇ ಅಸಿಂಧು’ ಎಂದು ಹೇಳುವವರಿದ್ದಾರೆ. ನೌಕರಿಯಲ್ಲಿ ಇರುವಾಗಿನ ನಿರ್ಬಂಧದ ಮಾತು ಬೇರೆ, ಅದು ನಿಲ್ಲುತ್ತದೆ, ಅದರ ಆಧಾರದ ಮೇಲೆ ಕೆಲಸದಿಂದ ತೆಗೆಯಲೂ ಬಹುದು. ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳೇ ಇವೆ, ಅನುಮತಿ ಇಲ್ಲದೆ ಖಾಸಗಿ ವ್ಯವಹಾರಕ್ಕೆ ಕೈ ಹಾಕುವಂತಿಲ್ಲ.

ಅನುಮತಿ ಸಾಕು ಎಂದಿದ್ದರೆ ಇಮೇಲ್‌ನಲ್ಲಿ ಕೇಳಿ, ಬಾಯಿ ಮಾತಿನ ಒಪ್ಪಿಗೆ ಬೇಡ. ಕೆಲಸ ಯಾವ ಬಗೆಯದು, ಕಚೇರಿ ಸಮಯದಲ್ಲಿ ಮಾಡುವುದಿಲ್ಲ, ಕಂಪನಿಯ ಲ್ಯಾಪ್‌ಟಾಪ್, ಲೈಸೆನ್ಸ್, ಇಮೇಲ್ ಬಳಸುವುದಿಲ್ಲ, ಕಂಪನಿಯ ಗ್ರಾಹಕರಿಗೋ ಪ್ರತಿಸ್ಪರ್ಧಿಗಳಿಗೋ ಅಲ್ಲ. ಇಷ್ಟು ಬರೆದರೆ ಸಾಕು, ಎಷ್ಟು ದುಡಿಯುತ್ತೀರಿ ಎಂದು ಬರೆಯಬೇಕಿಲ್ಲ. ಲ್ಯಾಪ್‌ಟಾಪಿನ ಮಾತು ಹಗುರವಾಗಿ ತೆಗೆದುಕೊಳ್ಳಬೇಡಿ. ಕಂಪನಿಯ ಯಂತ್ರದಲ್ಲಿ ಬರೆದ ಕೋಡ್ ಯಾರದು ಎಂಬ ಪ್ರಶ್ನೆ ನಿಮ್ಮ ಗ್ರಾಹಕರ ಮೇಲೂ ಬಂದು ಕೂರುತ್ತದೆ.

‘ಕಂಪನಿಗೆ ಗೊತ್ತಾಗುತ್ತದೆಯೇ’ ಎಂಬುದಕ್ಕೆ ಅರ್ಧ ಹೌದು, ಅರ್ಧ ಇಲ್ಲ. ನಿಮ್ಮ ಪ್ಯಾನ್‌ಗೆ ಬಂದ ಆದಾಯ, ಟಿಡಿಎಸ್ ತೋರಿಸುವ ಆದಾಯ ತೆರಿಗೆ ಇಲಾಖೆಯ 26ಎಎಸ್, ಎಐಎಸ್ ವಿವರ ಮಾಲೀಕರಿಗೆ ಕಾಣುವುದಿಲ್ಲ. ಹೊರಗಿನ ಕೆಲಸಕ್ಕೆ ಪಿಎಫ್ ಕಟ್ಟುವುದಿಲ್ಲವಾದ್ದರಿಂದ ನಿಮ್ಮ ಪಿಎಫ್ ಸಂಖ್ಯೆಯಾದ ಯುಎಎನ್‌ನಲ್ಲೂ ಸುಳಿವಿಲ್ಲ. ಎರಡು ನೌಕರಿ ಮಾಡುವವರು ಸಿಕ್ಕಿಬೀಳುವುದು ಅಲ್ಲಿ. ಆದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ಆ ಪ್ಯಾನ್‌ಗೆ ಸೇರಿದ ನೋಂದಣಿ ಯಾರಿಗಾದರೂ ಕಾಣುತ್ತದೆ, ಲಾಗಿನ್ ಕೂಡ ಬೇಡ. ನಿಮ್ಮ ಪ್ಯಾನ್ ಎಚ್‌ಆರ್ ಕೈಯಲ್ಲಿದೆ. ಅನುಮತಿ ಪಡೆಯದೆ ಮೊದಲು ಜಿಎಸ್‌ಟಿ ಮಾಡಿಸಿದರೆ ನೀವೇ ಸಾರ್ವಜನಿಕ ದಾಖಲೆ ಬರೆದಿಟ್ಟಂತೆ.

ಹೆಂಡತಿ ಹೆಸರಿನ ಸಲಹೆ

ನಿಮ್ಮ ತಂದೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಈ ದಾರಿ ಬೇಡ. ಕೆಲಸ ಮಾಡುವವರು ನೀವು, ಬಿಲ್ ಹೆಂಡತಿಯ ಹೆಸರಿಗೆ ಎಂದಾಗ ಬಿಲ್ಲೇ ಸುಳ್ಳಾಗುತ್ತದೆ. ಟಿಡಿಎಸ್ ಅವರ ಪ್ಯಾನ್‌ಗೆ ಜಮೆಯಾಗುತ್ತದೆ, ರಿಟರ್ನ್ ಅವರು ಹಾಕಬೇಕು. ಆದಾಯ ಯಾರ ದುಡಿಮೆಯದೋ ಅವರ ಕೈಯಲ್ಲೇ ತೆರಿಗೆಗೆ ಒಳಪಡುತ್ತದೆ, ಹೆಸರು ಬದಲಾದ ಮಾತ್ರಕ್ಕೆ ಅದು ಹೆಂಡತಿಯ ಆದಾಯ ಆಗುವುದಿಲ್ಲ. ಕಂಪನಿಯ ದೃಷ್ಟಿಯಲ್ಲೂ ಇದು ರಕ್ಷಣೆಯಲ್ಲ, ‘ಪರೋಕ್ಷವಾಗಿ’ ಎಂಬ ಪದ ಇರುವುದೇ ಇಂಥದ್ದಕ್ಕೆ. ಅನುಮತಿ ಕೇಳದೆ ಮಾಡಿದ್ದು ತಪ್ಪು ಅನಿಸಿಕೊಳ್ಳುತ್ತದೆ, ಮರೆಮಾಚಿ ಮಾಡಿದ್ದು ಮೋಸ ಅನಿಸಿಕೊಳ್ಳುತ್ತದೆ. ಅವರಿಗೇ ಅನುವಾದ ಬರುತ್ತದೆ, ಅವರೇ ಮಾಡುತ್ತಾರೆ ಎಂದಾದರೆ ಸಂತೋಷ, ಅದು ಅವರ ಸ್ವಂತ ವ್ಯವಹಾರ.

ಜಿಎಸ್‌ಟಿ: ಏಜೆನ್ಸಿಯವರ ಮಾತು ಎಷ್ಟು ನಿಜ

ಕರ್ನಾಟಕದಲ್ಲಿ ಸೇವೆ ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗ ಮಾತ್ರ ನೋಂದಣಿ ಕಡ್ಡಾಯ. ಸರಕು ಮಾತ್ರ ಮಾರುವವರಿಗೆ ಮಿತಿ 40 ಲಕ್ಷ. ನಿಮ್ಮದು 3.6 ಲಕ್ಷ.

‘ಬೇರೆ ರಾಜ್ಯಕ್ಕೆ ಬಿಲ್ ಮಾಡಿದರೆ ಮೊದಲ ರೂಪಾಯಿಯಿಂದಲೇ ಜಿಎಸ್‌ಟಿ’ ಎಂಬ ಮಾತಿಗೆ ಬೇರು ಇದೆ. ಕೇಂದ್ರದ ಜಿಎಸ್‌ಟಿ, ಅಂದರೆ ಸಿಜಿಎಸ್‌ಟಿ ಕಾಯ್ದೆಯ 24ನೇ ವಿಭಾಗ ಹಾಗೇ ಹೇಳುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮೂರು ತಿಂಗಳು ಎಲ್ಲರೂ ಒದ್ದಾಡಿದ್ದು ಇದರಿಂದಲೇ. 2017ರ ಅಕ್ಟೋಬರ್ 13ರಂದು ಬಂದ 10/2017 ಸಂಖ್ಯೆಯ ಸಮಗ್ರ ತೆರಿಗೆ ಅಧಿಸೂಚನೆ, ಸೇವೆ ಒದಗಿಸುವವರಿಗೆ ಅಂತರರಾಜ್ಯ ವಹಿವಾಟಿನಲ್ಲೂ 20 ಲಕ್ಷದ ವಿನಾಯಿತಿ ಕೊಟ್ಟಿತು. ಇಷ್ಟು ವರ್ಷವಾದರೂ ಹಳೆಯ ಮಾತು ಮಾತ್ರ ಓಡಾಡುತ್ತಲೇ ಇದೆ.

ಏಜೆನ್ಸಿಯವರು ಒತ್ತಾಯಿಸುವುದು ಹೆಚ್ಚಾಗಿ ಅವರ ಅಕೌಂಟ್ಸ್ ಸಾಫ್ಟ್‌ವೇರಿನಲ್ಲಿ ಜಿಎಸ್‌ಟಿ ಸಂಖ್ಯೆಯ ಜಾಗ ಖಾಲಿ ಬಿಡಲು ಆಗದ ಕಾರಣಕ್ಕೆ, ಅಥವಾ ಎಲ್ಲ ಪೂರೈಕೆದಾರರಿಗೂ ಒಂದೇ ಪತ್ರ ಕಳಿಸಿದ್ದಕ್ಕೆ. ಸಹಿ ಮಾಡಿದ ಒಂದು ಪುಟದ ಘೋಷಣೆ ಕಳಿಸಿ. ಒಕ್ಕಣೆ ಹೀಗಿದ್ದರೆ ಸಾಕು: ‘ನನ್ನ ಪ್ಯಾನ್ ಅಡಿಯಲ್ಲಿ ದೇಶಾದ್ಯಂತ ಈ ಹಣಕಾಸು ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟಿಲ್ಲ. ಆದ್ದರಿಂದ ಸಿಜಿಎಸ್‌ಟಿ ಕಾಯ್ದೆಯ 22ನೇ ವಿಭಾಗ ಮತ್ತು 10/2017 ಅಧಿಸೂಚನೆಯಂತೆ ನಾನು ನೋಂದಣಿಗೆ ಬದ್ಧನಲ್ಲ. ಮಿತಿ ದಾಟಿದರೆ ನೋಂದಾಯಿಸಿ ಸಂಖ್ಯೆ ತಿಳಿಸುತ್ತೇನೆ.’ ಮೇಲ್ವಿಚಾರಕರಿಗಲ್ಲ, ಅಕೌಂಟ್ಸ್ ವಿಭಾಗಕ್ಕೇ ಕಳಿಸಿ. ಬಹಳ ಸಲ ಇಷ್ಟಕ್ಕೆ ದಾರಿ ಬಿಡುತ್ತದೆ.

ಅಷ್ಟಾದರೂ ಒಪ್ಪದಿದ್ದರೆ ಸ್ವಇಚ್ಛೆಯ ನೋಂದಣಿಗೆ ಅವಕಾಶವಿದೆ. ಆದರೆ ಒಮ್ಮೆ ನೋಂದಾಯಿಸಿದ ಮೇಲೆ 20 ಲಕ್ಷದ ವಿನಾಯಿತಿ ನಿಮಗಿಲ್ಲ, ಮೊದಲ ರೂಪಾಯಿಯಿಂದ ತೆರಿಗೆ. ಅನುವಾದಕ್ಕೂ ವೆಬ್‌ಸೈಟಿಗೂ 18%. ನಿಮ್ಮ ಇಬ್ಬರೂ ಗ್ರಾಹಕರು ಜಿಎಸ್‌ಟಿ ನೋಂದಾಯಿತರಾದರೆ ಅವರು ಅದನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಕ್ರೆಡಿಟ್) ಹಿಂಪಡೆಯುತ್ತಾರೆ, ಅವರಿಗೆ ಹೊರೆಯಿಲ್ಲ. ನಾಳೆ ಯಾವುದೋ ಶಾಲೆಗೋ ಊರಿನ ಅಂಗಡಿಗೋ ವೆಬ್‌ಸೈಟ್ ಮಾಡಿಕೊಟ್ಟರೆ ಮಾತ್ರ 10,000ದ ಕೆಲಸ ಅವರಿಗೆ 11,800 ಬೀಳುತ್ತದೆ, ಇಲ್ಲವೇ 1,800 ನಿಮ್ಮ ಜೇಬಿನಿಂದ ಹೋಗುತ್ತದೆ. ಇದರ ಮೇಲೆ ರಿಟರ್ನ್‌ಗಳ ಸಾಲು. ಸಣ್ಣವರಿಗೆ ತ್ರೈಮಾಸಿಕ ಸಲ್ಲಿಕೆಯ ಆಯ್ಕೆ ಇದೆ ನಿಜ, ಅದರಲ್ಲೂ ಪ್ರತಿ ತ್ರೈಮಾಸಿಕದ ಮೊದಲ ಎರಡು ತಿಂಗಳು ತೆರಿಗೆಯನ್ನು ಚಲನ್‌ನಲ್ಲಿ ಕಟ್ಟುತ್ತಿರಬೇಕು. ಕೆಲಸವೇ ಇಲ್ಲದ ಅವಧಿಗೂ ಶೂನ್ಯ ರಿಟರ್ನ್ ಹಾಕಬೇಕು. ಮರೆತರೆ ಶೂನ್ಯ ರಿಟರ್ನ್‌ಗೆ ದಿನಕ್ಕೆ 20 ರೂಪಾಯಿ, ತೆರಿಗೆ ಇದ್ದ ರಿಟರ್ನ್‌ಗೆ 50 ರೂಪಾಯಿ ತಡ ಶುಲ್ಕ. ಕೆಲಸ ನಿಲ್ಲಿಸಿದರೆ ನೋಂದಣಿ ತಾನಾಗಿ ಸಾಯುವುದಿಲ್ಲ, ರದ್ದತಿಗೆ ಅರ್ಜಿ ಹಾಕಬೇಕು, ಆಮೇಲೆ ಅಂತಿಮ ರಿಟರ್ನ್ ಬೇರೆ. ತಿಂಗಳಿಗೆ 10,000 ಕೊಡುವ ಒಬ್ಬ ಗ್ರಾಹಕರಿಗಾಗಿ ಇದನ್ನೆಲ್ಲ ತಲೆ ಮೇಲೆ ಹಾಕಿಕೊಳ್ಳುವುದು ನನ್ನ ಪ್ರಕಾರ ಲಾಭದ ಮಾತಲ್ಲ.

ಬಾಡಿಗೆ ಮನೆಯಾದರೆ ಇನ್ನೊಂದು ತೊಡಕು. ವಿಳಾಸದ ಪುರಾವೆಗೆ ಕರೆಂಟ್ ಬಿಲ್ ಜೊತೆ ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರ ಬೇಕು. ‘ಮನೆ ಕೊಟ್ಟಿದ್ದು ಇರೋದಕ್ಕೆ, ಆಫೀಸಿಗಲ್ಲ’ ಎಂದು ಮಾಲೀಕರು ಮುಖ ತಿರುಗಿಸುವುದುಂಟು.

20 ಲಕ್ಷದ ಲೆಕ್ಕದಲ್ಲಿ ಸಂಬಳ ಸೇರುವುದಿಲ್ಲ. ನಿಮ್ಮ ಹೆಸರಿನ ಮನೆಯನ್ನು ವಾಸಕ್ಕೆ ಬಾಡಿಗೆ ಕೊಟ್ಟಿದ್ದರೆ ಆ ಬಾಡಿಗೆ, ಅದಕ್ಕೆ ತೆರಿಗೆ ಇಲ್ಲದಿದ್ದರೂ, ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಹಾಗೆಯೇ ನೋಂದಣಿ ಇಲ್ಲದವರು ಬಿಲ್‌ನಲ್ಲಿ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ವಸೂಲು ಮಾಡುವಂತಿಲ್ಲ. ಏಜೆನ್ಸಿ ‘18% ಸೇರಿಸಿ ಕಳಿಸಿ’ ಎಂದರೂ ಸೇರಿಸಬೇಡಿ.

ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ನೀವೇ

ನಾಲ್ಕರಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇದೊಂದು. ಹಣದ ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಸರ್ಕಾರದ ತಾಣ ಒಂದೇ, ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಯಾಗಬೇಕು. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡು ಶುಲ್ಕ ಕೇಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ಹಣ ಕೇಳಿದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದೇ ಅರ್ಥ.

ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಸಂಸ್ಥೆಯ ಬಗೆ ಕೇಳಿದಲ್ಲಿ ಪ್ರೊಪ್ರೈಟರಿ ಎಂದು ಆರಿಸಿ, ಪ್ಯಾನ್ ಪರಿಶೀಲನೆ ಮುಗಿಸಿ. ಹೆಚ್ಚಿನವರು ಸಿಕ್ಕಿಕೊಳ್ಳುವುದು ಇಲ್ಲೇ. ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಪ್ಯಾನ್‌ನಲ್ಲಿ ಬರೀ ಇನಿಷಿಯಲ್ ಎಂದಿದ್ದರೆ ಹೊಂದಾಣಿಕೆ ಆಗುವುದಿಲ್ಲ. ಮೊದಲು ಅದನ್ನು ಸರಿಪಡಿಸಿ. ಮುಂದೆ ಸಂಸ್ಥೆಯ ಹೆಸರು, ವಿಳಾಸ, ಬ್ಯಾಂಕ್ ಖಾತೆ, ಆರಂಭದ ದಿನಾಂಕ. ಕರೆಂಟ್ ಅಕೌಂಟ್ ಇಲ್ಲದಿದ್ದರೆ ಸದ್ಯಕ್ಕೆ ಉಳಿತಾಯ ಖಾತೆ ಸಂಖ್ಯೆ ಕೊಟ್ಟು ಆಮೇಲೆ ಬದಲಿಸಬಹುದು. ಆರಂಭದ ದಿನಾಂಕಕ್ಕೆ ಇವತ್ತಿನ ದಿನ ಹಾಕಬೇಡಿ, ಮೊದಲ ಬಿಲ್‌ನ ದಿನ ಹಾಕಿ. ಕೆಲಸದ ಬಗೆ ಸೂಚಿಸುವ ಎನ್‌ಐಸಿ ಸಂಕೇತದಲ್ಲಿ ವೆಬ್ ಕೆಲಸ 62ರಿಂದ ಶುರುವಾಗುವ ಗುಂಪಿನಲ್ಲಿದೆ, ಅನುವಾದ 74ರ ಗುಂಪಿನಲ್ಲಿ. ಒಬ್ಬರಿಗೆ ಒಂದೇ ಉದ್ಯಮ್, ಅದರಲ್ಲೇ ಎರಡೂ ಚಟುವಟಿಕೆ ಸೇರಿಸಿ. 2025ರ ಏಪ್ರಿಲ್ 1ರಿಂದ 2.5 ಕೋಟಿ ಹೂಡಿಕೆ, 10 ಕೋಟಿ ವಹಿವಾಟಿನವರೆಗೆ ಎಲ್ಲರೂ ಸೂಕ್ಷ್ಮ ಉದ್ಯಮ. ಹಾಗಾಗಿ ವರ್ಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇದರ ಲಾಭ ಹಣ ವಸೂಲಿಯಲ್ಲಿ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಗ್ರಾಹಕ ನಿಮ್ಮ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ 2023-24ರಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಈ ಅವಧಿಯೊಳಗೆ ಕೊಡದ ಮೊತ್ತವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಮಾರ್ಚ್ ಬಂತೆಂದರೆ ಕಂಪನಿಗಳ ಆಡಿಟರುಗಳೇ ‘ಎಂಎಸ್‌ಎಂಇ ಬಾಕಿ ಎಷ್ಟು’ ಎಂದು ಕೇಳುತ್ತಾರೆ. ಬಿಲ್‌ನಲ್ಲಿ ಉದ್ಯಮ್ ಸಂಖ್ಯೆ ಇದ್ದರೆ ಆ ಪಟ್ಟಿಗೆ ನೀವೂ ಸೇರುತ್ತೀರಿ. ಆದರೆ ಕೆಲಸ ಮುಗಿದು ಜಗಳವಾದ ಮೇಲೆ ನೋಂದಾಯಿಸಿ ಹಳೆಯ ಬಾಕಿಗೆ ಈ ರಕ್ಷಣೆ ಕೇಳಹೊರಟರೆ ವಾದ ದುರ್ಬಲ. ಮೊದಲೇ ಮಾಡಿಸಿಟ್ಟುಕೊಳ್ಳುವುದು ಅದಕ್ಕೇ.

ಅಂಗಡಿ ಲೈಸೆನ್ಸ್ ಮತ್ತು ವೃತ್ತಿ ತೆರಿಗೆ

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಸಂಸ್ಥೆ ಆರಂಭಿಸಿದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ, ಅವಧಿ 5 ವರ್ಷ. ಮನೆಯ ಮೇಜಿನ ಮುಂದೆ ಒಬ್ಬರೇ ಕೂತು ಮಾಡುವ ಕೆಲಸಕ್ಕೆ ಇದರ ಒತ್ತಡ ಇಲ್ಲ. ಕೋಣೆ ಬಾಡಿಗೆ ಹಿಡಿದು ಒಬ್ಬ ಸಹಾಯಕರನ್ನು ಇಟ್ಟುಕೊಂಡ ದಿನ ಇದನ್ನು ಮುಂದೂಡಬೇಡಿ. ವೃತ್ತಿ ತೆರಿಗೆಯನ್ನು ಕಂಪನಿ ನಿಮ್ಮ ಸಂಬಳದಲ್ಲಿ ಆಗಲೇ ಹಿಡಿಯುತ್ತಿದೆ, ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500. ಸಂವಿಧಾನದ 276ನೇ ವಿಧಿಯಲ್ಲಿ ಒಬ್ಬರಿಗೆ ಇರುವ ಗರಿಷ್ಠ ಮಿತಿಯೂ ಅಷ್ಟೇ. ಫಾರ್ಮ್ 16 ಮತ್ತು ಸಂಬಳದ ಚೀಟಿ ಜೋಪಾನವಾಗಿಡಿ, ಯಾರಾದರೂ ಕೇಳಿದರೆ ತೋರಿಸಲು.

ಬ್ಯಾಂಕ್ ಖಾತೆ

ನಿಮ್ಮ ಸ್ವಂತ ಹೆಸರಲ್ಲೇ ಬಿಲ್ ಮಾಡುವವರೆಗೆ ಕರೆಂಟ್ ಅಕೌಂಟ್ ಬೇಕಿಲ್ಲ. ಬೇರೊಂದು ಉಳಿತಾಯ ಖಾತೆ ತೆರೆದು ಹೊರಗಿನ ಕೆಲಸದ ಜಮೆ, ಖರ್ಚು ಎರಡನ್ನೂ ಅದರಲ್ಲಿ ಮಾತ್ರ ನಡೆಸಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ನೆಂಟರಿಂದ ಬಂದ ಹಣ ಯಾವುದು, ವ್ಯಾಪಾರದ ಹಣ ಯಾವುದು ಎಂದು ಬೇರ್ಪಡಿಸಿ ತೋರಿಸುವುದೇ ಅನೇಕರಿಗೆ ಕಷ್ಟವಾಯಿತು. ನಿಮ್ಮ ಮೊತ್ತ ಅಷ್ಟಿಲ್ಲ, ಆದರೆ ಪಾಠ ಅದೇ.

ಏಜೆನ್ಸಿ ‘ಫರ್ಮ್ ಹೆಸರಲ್ಲೇ’ ಎಂದು ಹಟ ಹಿಡಿದರೆ ಆ ಹೆಸರಿನ ಕರೆಂಟ್ ಅಕೌಂಟ್ ಬೇಕು. ಫರ್ಮ್ ಹೆಸರಿನ ಚೆಕ್ ನಿಮ್ಮ ಉಳಿತಾಯ ಖಾತೆಗೆ ಜಮೆಯಾಗದು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಂತೆ ಮಾಲೀಕರ ಸ್ವಂತ ದಾಖಲೆಗಳ ಜೊತೆ ಸಂಸ್ಥೆಯ ಹೆಸರಿನಲ್ಲಿ ಎರಡು ಪುರಾವೆ ಕೇಳುತ್ತಾರೆ. ಉದ್ಯಮ್ ಪ್ರಮಾಣಪತ್ರ, ಅಂಗಡಿ ಕಾಯ್ದೆಯ ಪ್ರಮಾಣಪತ್ರ, ಜಿಎಸ್‌ಟಿ, ವ್ಯವಹಾರದ ಆದಾಯ ಕಾಣುವ ಪೂರ್ತಿ ಐಟಿ ರಿಟರ್ನ್, ಸಂಸ್ಥೆಯ ಹೆಸರಿನ ಕರೆಂಟ್ ಅಥವಾ ನೀರಿನ ಬಿಲ್, ಇವುಗಳಲ್ಲಿ ಯಾವುದಾದರೂ ಎರಡು. ಅಪ್ಪನ ಹೆಸರಿನ ಕರೆಂಟ್ ಬಿಲ್ ಇಲ್ಲಿ ಲೆಕ್ಕಕ್ಕಿಲ್ಲ. ರಿಟರ್ನ್ ಎಂದರೆ ಸ್ವೀಕೃತಿಯ ಒಂದು ಹಾಳೆ ಸಾಲದು. ಎರಡು ಪುರಾವೆ ಒದಗಿಸಲು ಸಾಧ್ಯವಿಲ್ಲ ಎಂದು ಬ್ಯಾಂಕಿಗೆ ಮನದಟ್ಟಾದರೆ, ಸ್ಥಳ ಪರಿಶೀಲನೆ ಮಾಡಿ ಒಂದರ ಮೇಲೆಯೂ ಖಾತೆ ತೆರೆಯಬಹುದು ಎಂದು ಅದೇ ನಿರ್ದೇಶನದಲ್ಲಿದೆ. ಕೌಂಟರಿನಲ್ಲಿ ಇಲ್ಲ ಎಂದರೆ ಮ್ಯಾನೇಜರರನ್ನು ಕಂಡು ವಿನಯವಾಗಿ ಇದನ್ನು ನೆನಪಿಸಿ. ಉದ್ಯಮ್‌ನಲ್ಲಿ ‘ಸರ್ವಿಸ್’, ಅರ್ಜಿಯಲ್ಲಿ ‘ಸರ್ವಿಸಸ್’ ಎಂದಾದರೆ ಅದೊಂದಕ್ಕೇ ವಾಪಸ್ ಬರುತ್ತದೆ. ಹೆಸರು ಅಕ್ಷರ ಅಕ್ಷರವೂ ಒಂದೇ ಇರಲಿ.

ಹೆಸರಿಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ, ಅದೇ ಹೆಸರನ್ನು ಇನ್ನೊಬ್ಬರೂ ಇಟ್ಟುಕೊಳ್ಳಬಹುದು. ಹಕ್ಕು ಬೇಕೆಂದರೆ ಟ್ರೇಡ್‌ಮಾರ್ಕ್ ಮಾಡಿಸಬೇಕು. ಈ ಹಂತದಲ್ಲಿ ಅದಕ್ಕೆ ಆತುರವಿಲ್ಲ.

ಆದಾಯ ತೆರಿಗೆ: ಎಡವುವುದು ಇಲ್ಲೇ

2026ರ ಏಪ್ರಿಲ್ 1ರಿಂದ ಹೊಸ, ಅಂದರೆ 2025ರ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದ್ದು ವಿಭಾಗಗಳ ಸಂಖ್ಯೆ ಬದಲಾಗಿವೆ. ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸುತ್ತೇನೆ.

ಐಟಿಆರ್-1 ಇನ್ನು ನಿಮಗಲ್ಲ. 26ಎಎಸ್‌ನಲ್ಲಿ 194ಜೆ ಎಂದು ವೃತ್ತಿ ಶುಲ್ಕದ ಟಿಡಿಎಸ್ ಕಾಣುತ್ತಿರುವಾಗ ಐಟಿಆರ್-1 ಹಾಕಿದರೆ ದೋಷಪೂರಿತ ರಿಟರ್ನ್ ಎಂಬ ನೋಟಿಸ್ ಬರುವ ಸಾಧ್ಯತೆ ಹೆಚ್ಚು. ಹೊರಗಿನ ಕೆಲಸದ ಹಣ ಬಂದ ವರ್ಷಕ್ಕೆ ಈಗಾಗಲೇ ಐಟಿಆರ್-1 ಹಾಕಿದ್ದರೆ ನೋಟಿಸಿಗೆ ಕಾಯದೆ ನೀವೇ ತಿದ್ದಿ ಹಾಕಿ.

ವೆಬ್‌ಸೈಟ್ ಕೆಲಸ ಮಾಹಿತಿ ತಂತ್ರಜ್ಞಾನ ವೃತ್ತಿಯಾಗಿ ಸಾಮಾನ್ಯವಾಗಿ 44ಎಡಿಎ ಎಂಬ ಊಹಾತ್ಮಕ ಯೋಜನೆಯ ಅಡಿ ಬರುತ್ತದೆ. ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಲೆಕ್ಕ ಪುಸ್ತಕ ಬೇಕಿಲ್ಲ. ಮಿತಿ 50 ಲಕ್ಷ, ನಗದು 5% ಮೀರದಿದ್ದರೆ 75 ಲಕ್ಷ. ಅರ್ಧಕ್ಕಿಂತ ಕಡಿಮೆ ತೋರಿಸಲು ಹೋದರೆ ನಿಮ್ಮಂಥವರಿಗೆ ಲೆಕ್ಕ ಪುಸ್ತಕ, ಆಡಿಟ್ ಎರಡೂ ಗಂಟುಬೀಳುತ್ತವೆ.

ಅನುವಾದದ್ದು ಜಿಗುಟು ಪ್ರಶ್ನೆ. 44ಎಡಿಎಗೆ ಸೇರುವ ವೃತ್ತಿಗಳ ಪಟ್ಟಿಯಲ್ಲಿ ವಕೀಲರು, ವೈದ್ಯರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ಸಿನಿಮಾದ ಸಂಭಾಷಣೆಕಾರರೂ ಇದ್ದಾರೆ, ಅನುವಾದಕರಿಲ್ಲ. ‘ಹಾಗಾದರೆ ಅದು ವ್ಯಾಪಾರ, 44ಎಡಿ (ವ್ಯಾಪಾರಿಗಳ ಅಂಥದೇ ಯೋಜನೆ) ಅಡಿ 6% ತೋರಿಸಿ’ ಎನ್ನುವವರಿದ್ದಾರೆ. ಅನುವಾದ ವ್ಯಾಪಾರವೇ ಎಂಬ ತಕರಾರು ಒಂದು ಕಡೆ. 1.2 ಲಕ್ಷದಲ್ಲಿ 1.13 ಲಕ್ಷ ಖರ್ಚಾಯಿತೇ ಎಂದು ಕೇಳಿದರೆ ಉತ್ತರವಿಲ್ಲದ ಮುಜುಗರ ಇನ್ನೊಂದು ಕಡೆ. 6% ಎಂಬುದು ಕನಿಷ್ಠ, ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ನಿಮಗೆ ಹೇಳುವುದಾದರೆ, ಇಂಟರ್ನೆಟ್, ನಿಘಂಟು ತಂತ್ರಾಂಶ, ಲ್ಯಾಪ್‌ಟಾಪಿನ ಸವಕಳಿಯ ಪಾಲು ಕಳೆದು ಉಳಿದದ್ದನ್ನು ಆದಾಯವಾಗಿ ತೋರಿಸಿ. ಫಾರ್ಮ್ ಐಟಿಆರ್-3 ಆಗುತ್ತದೆ. ಆಡಿಟರಿಗೆ ದುಡ್ಡು ಕೊಡುವುದಾದರೆ ಇಲ್ಲಿ ಕೊಡಿ.

ಲೆಕ್ಕ ಹಾಕಿ ನೋಡೋಣ, ಹೊಸ ತೆರಿಗೆ ಪದ್ಧತಿಯಲ್ಲಿ. ಸಂಬಳ 9,60,000ದಲ್ಲಿ ಪ್ರಮಾಣಿತ ಕಡಿತ 75,000 ಕಳೆದರೆ 8,85,000. ವೆಬ್‌ಸೈಟಿನ 2,40,000ದಲ್ಲಿ ಅರ್ಧ 1,20,000. ಅನುವಾದದ 1,20,000ದಲ್ಲಿ 20,000 ಖರ್ಚೆಂದು ಇಟ್ಟುಕೊಳ್ಳಿ, 1,00,000. ಒಟ್ಟು 11,05,000. 12 ಲಕ್ಷದೊಳಗೆ ಇರುವುದರಿಂದ ರಿಯಾಯಿತಿ ಸಿಕ್ಕಿ ತೆರಿಗೆ ಶೂನ್ಯ. ಹಿಡಿದ ಟಿಡಿಎಸ್, ವೆಬ್‌ಸೈಟಿನದ್ದೇ 24,000, ಪೂರ್ತಿ ವಾಪಸ್.

ಈಗ ಕಂಪನಿ ನಿಮಗೆ 1,20,000 ಸಂಬಳ ಹೆಚ್ಚಿಸಿತು ಎನ್ನಿ. ಒಟ್ಟು 12,25,000. ಸ್ಲ್ಯಾಬ್ ಪ್ರಕಾರ 63,750 ಆಗಬೇಕಾದ ತೆರಿಗೆಯನ್ನು, 12 ಲಕ್ಷ ದಾಟಿದ ಮೊತ್ತ ಎಷ್ಟೋ ಅಷ್ಟಕ್ಕೆ, ಅಂದರೆ 25,000ಕ್ಕೆ ನಿಲ್ಲಿಸುತ್ತಾರೆ. 4% ಸೆಸ್ ಸೇರಿ 26,000. ಗೆರೆ ದಾಟಿದ ಅಷ್ಟೂ ಹಣ ಸರ್ಕಾರಕ್ಕೆ. ಸುಮಾರು 12.7 ಲಕ್ಷದವರೆಗೆ ಹೀಗೇ. ಕಂಪನಿಗೆ ನಿಮ್ಮ ಹೊರಗಿನ ಆದಾಯ ಗೊತ್ತಿಲ್ಲದ್ದರಿಂದ ಅವರು ಸಂಬಳದಲ್ಲಿ ಏನೂ ಹಿಡಿದಿರುವುದಿಲ್ಲ. ಟಿಡಿಎಸ್ ಕಳೆದ ಮೇಲೆ 10,000 ಅಥವಾ ಹೆಚ್ಚು ತೆರಿಗೆ ಉಳಿದರೆ ಮುಂಗಡ ತೆರಿಗೆ ಕಟ್ಟಬೇಕು. ಎಲ್ಲ ವೃತ್ತಿ ಆದಾಯವೂ ಊಹಾತ್ಮಕ ಯೋಜನೆಯಲ್ಲಿದ್ದರೆ ಮಾರ್ಚ್ 15ರೊಳಗೆ ಒಂದೇ ಕಂತು, ಇಲ್ಲದಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ನಾಲ್ಕು ಕಂತು. ತಪ್ಪಿದರೆ ತಿಂಗಳಿಗೆ 1% ಬಡ್ಡಿ.

ಬರೀ ಸಂಬಳದವರು ಹಳೆಯ ಪದ್ಧತಿ, ಹೊಸ ಪದ್ಧತಿ ಎಂದು ವರ್ಷ ವರ್ಷ ಬದಲಾಯಿಸಬಹುದು. ವೃತ್ತಿ ಆದಾಯ ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಹಳೆಯದಕ್ಕೆ ಹೋಗಲು 10-ಐಇಎ ಫಾರ್ಮನ್ನು ಗಡುವಿನೊಳಗೆ ಹಾಕಬೇಕು. ಅಲ್ಲಿಂದ ಹೊಸದಕ್ಕೆ ಮರಳಿದರೆ, ವೃತ್ತಿ ಆದಾಯ ಇರುವಷ್ಟು ಕಾಲ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಗೃಹಸಾಲ ತೆಗೆದುಕೊಳ್ಳುವ ಯೋಚನೆ ಇದ್ದರೆ ಇದನ್ನು ಮೊದಲೇ ಲೆಕ್ಕ ಹಾಕಿ.

ಬಿಲ್ ಹೀಗಿರಲಿ

ಮೇಲೆ ನಿಮ್ಮ ಹೆಸರು, ವಿಳಾಸ, ಪ್ಯಾನ್, ಉದ್ಯಮ್ ಸಂಖ್ಯೆ. ಬಿಲ್ ಸಂಖ್ಯೆ ಏಪ್ರಿಲ್‌ನಿಂದ 1, 2, 3 ಎಂದು ಒಂದೇ ಸರಣಿ, ಗ್ರಾಹಕರಿಗೊಂದು ಸರಣಿ ಬೇಡ. ದಿನಾಂಕ, ಗ್ರಾಹಕರ ಪೂರ್ತಿ ಹೆಸರು. ಕೆಲಸದ ವಿವರ ‘ಅನುವಾದ’ ಎಂಬ ಒಂದೇ ಪದದಲ್ಲಿ ಮುಗಿಸಬೇಡಿ, ‘ಇಂಗ್ಲಿಷ್–ಕನ್ನಡ ಅನುವಾದ, ಇಷ್ಟು ಪದ, ಪದಕ್ಕೆ ಇಷ್ಟು’ ಎಂದು ಬರೆಯಿರಿ. ಕೆಳಗೆ ಎರಡು ಸಾಲು: ‘ಜಿಎಸ್‌ಟಿ ನೋಂದಣಿ ಇಲ್ಲ, ವಹಿವಾಟು ಮಿತಿಯೊಳಗಿದೆ’ ಮತ್ತು ‘ಪಾವತಿ ಇಷ್ಟು ದಿನದೊಳಗೆ’. ಮೊತ್ತವನ್ನು ಟಿಡಿಎಸ್ ಕಳೆಯದೆ ಪೂರ್ತಿ ಬರೆಯಿರಿ. ರಿಟರ್ನ್‌ನಲ್ಲೂ ಹಾಗೆಯೇ, 20,000 ಬಿಲ್‌ಗೆ ಕೈಗೆ 18,000 ಬಂದರೂ ಆದಾಯದ ಲೆಕ್ಕ 20,000ದಿಂದ. ಕೈಗೆ ಬಂದದ್ದನ್ನಷ್ಟೇ ತೋರಿಸಿ ಪೂರ್ತಿ ಟಿಡಿಎಸ್ ವಾಪಸ್ ಕೇಳಿದವರಿಗೆ ಮೊತ್ತ ತಾಳೆಯಾಗುತ್ತಿಲ್ಲ ಎಂದು ಇಲಾಖೆಯಿಂದ ಪ್ರಶ್ನೆ ಬರುತ್ತದೆ. ಮೂರು ತಿಂಗಳಿಗೊಮ್ಮೆ 26ಎಎಸ್ ತೆರೆದು ಹಿಡಿದ ಹಣ ನಿಜವಾಗಿ ಜಮೆಯಾಗಿದೆಯೇ ನೋಡಿ. ಮಾರ್ಚ್ ಬಿಲ್‌ನ ಹಣ ಏಪ್ರಿಲ್‌ನಲ್ಲಿ ಬಂದರೂ ಟಿಡಿಎಸ್ ಹಿಂದಿನ ವರ್ಷಕ್ಕೆ ಬಿದ್ದಿರುತ್ತದೆ. ಆ ಬಿಲ್ಲನ್ನು ಹಿಂದಿನ ವರ್ಷದ ಲೆಕ್ಕಕ್ಕೇ ಸೇರಿಸಿದರೆ ತಾಳೆ ಸುಲಭ.

ಕಂಪನಿಯೋ ಎಲ್‌ಎಲ್‌ಪಿಯೋ ಮಾಡಿದರೆ?

ಪ್ರೊಪ್ರೈಟರ್‌ಶಿಪ್‌ನ ನಿಜವಾದ ಅಪಾಯ ತೆರಿಗೆಯಲ್ಲ, ಹೊಣೆಗೆ ಮಿತಿ ಇಲ್ಲದಿರುವುದು. ನಿಮ್ಮ ತಪ್ಪಿನಿಂದ ಗ್ರಾಹಕರ ವೆಬ್‌ಸೈಟ್ ಮೂರು ದಿನ ಮುಚ್ಚಿ ಅವರು ನಷ್ಟ ಕೇಳಿದರೆ ಮನೆ, ಉಳಿತಾಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಏಕವ್ಯಕ್ತಿ ಕಂಪನಿ ಮಾಡಿದರೆ ಆ ಹೊಣೆ ಬಹುಮಟ್ಟಿಗೆ ಕಂಪನಿಗೇ ನಿಲ್ಲುತ್ತದೆ. ಆದರೆ ವಹಿವಾಟು ಎಷ್ಟೇ ಇರಲಿ ಪ್ರತಿ ವರ್ಷ ಆಡಿಟ್, ಕಂಪನಿ ಇಲಾಖೆಗೆ ವಾರ್ಷಿಕ ದಾಖಲೆ. ಜೊತೆಗೆ ನಿರ್ದೇಶಕರಾಗಿ ನಿಮ್ಮ ಹೆಸರು ಎಲ್ಲರಿಗೂ ಕಾಣುತ್ತದೆ, ಬಹಳಷ್ಟು ನೇಮಕಾತಿ ಪತ್ರಗಳು ಇದನ್ನು ನೇರವಾಗಿಯೇ ನಿಷೇಧಿಸುತ್ತವೆ. ಎಲ್‌ಎಲ್‌ಪಿಗೆ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಗೆ, ಇಬ್ಬರು ಬೇಕು, ವಾರ್ಷಿಕ ಫಾರ್ಮ್ ತಡವಾದರೆ ದಿನದ ಲೆಕ್ಕದಲ್ಲಿ ದಂಡ. ವರ್ಷಕ್ಕೆ 3.6 ಲಕ್ಷದ ಕೆಲಸಕ್ಕೆ ಇವೆರಡೂ ಭಾರ. ಅದರ ಬದಲು ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ‘ಯಾವುದೇ ಸಂದರ್ಭದಲ್ಲಿ ನನ್ನ ಹೊಣೆ ಹಿಂದಿನ ಮೂರು ತಿಂಗಳಲ್ಲಿ ಪಡೆದ ಶುಲ್ಕವನ್ನು ಮೀರುವುದಿಲ್ಲ’ ಎಂಬ ಸಾಲು ಸೇರಿಸಿ. ಬೆಂಗಳೂರಿನ ಕಂಪನಿಯ ಜೊತೆ ಲಿಖಿತ ಒಪ್ಪಂದ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿರದಿದ್ದರೆ ಎರಡು ಪುಟದ ಒಂದು ಕರಾರಿಗೆ ಈಗಲೇ ಸಹಿ ಹಾಕಿಸಿಕೊಳ್ಳಿ.

ಈ ತಿಂಗಳ ಮಟ್ಟಿಗೆ ಕ್ರಮ ಇದು: ನೇಮಕಾತಿ ಪತ್ರ ಓದಿ ಅನುಮತಿಯ ಇಮೇಲ್, ಅದಕ್ಕೆ ಉತ್ತರ ಬಂದ ಮೇಲೆ ಉದ್ಯಮ್, ಏಜೆನ್ಸಿಯ ಅಕೌಂಟ್ಸ್ ವಿಭಾಗಕ್ಕೆ ಜಿಎಸ್‌ಟಿ ಘೋಷಣೆ. ಅನುಮತಿ ಸಿಗದಿದ್ದರೆ ಮುಂದಿನ ಪ್ರಶ್ನೆ ಫರ್ಮಿನದ್ದಲ್ಲ, ಎರಡರಲ್ಲಿ ಯಾವ ಕೆಲಸ ಉಳಿಸಿಕೊಳ್ಳುತ್ತೀರಿ ಎಂಬುದು.